ಎಕ್ಕಾ ಜೋಡಿ, ಖೊಟ್ಟಿ ನಸೀಬು

ಟೆಕ್ಸಾಸ್ ಹೋಲ್ಡೆಮ್ ಪೋಕರಿನಲ್ಲಿ ಒಬ್ಬೊಬ್ಬರ ಕೈಗೆ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ; ಈ ಏಳರಲ್ಲಿ ಒಳ್ಳೆಯ ಐದು ಕೂಡಿದವನು ಗೆದ್ದ. ಕೈಗೆ ಎರಡೂ ಎಕ್ಕಾ ಬರುವುದು ಸರಾಸರಿ 221 ಆಟಕ್ಕೊಮ್ಮೆ. 52 ಎಲೆಯಿಂದ ಎರಡೆರಡರ ಜೋಡಿ ಒಟ್ಟು 1,326 ಆಗುತ್ತವೆ, ಅದರಲ್ಲಿ ಎಕ್ಕಾ ಜೋಡಿ ಆರೇ ಆರು. ಭಾಗಿಸಿ ನೋಡಿ. ಒಂಬತ್ತು ಮಂದಿಯ ಆನ್‌ಲೈನ್ ಟೇಬಲ್ಲಿನಲ್ಲಿ ತಾಸಿಗೆ ಅರವತ್ತು ಎಪ್ಪತ್ತು ಆಟ ಸಾಗುತ್ತವೆ ಎಂದರೂ ಒಂದು ಎಕ್ಕಾ ಜೋಡಿಗೆ ಮೂರು ತಾಸಿನ ಮೇಲೆ ಕಾಯಬೇಕು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ ಧಾರವಾಡ ಎರಡು ಸಲ ಹೋಗಿ ಬಂದು, ನಡುವೆ ಲೈನ್ ಬಜಾರಿನಲ್ಲಿ ಫೇಡೆ ಕಟ್ಟಿಸಿಕೊಳ್ಳಲೂ ಹೊತ್ತು ಉಳಿಯುತ್ತದೆ. ಇಷ್ಟು ತಪಸ್ಸಿಗೆ ಒಲಿದ ಎಕ್ಕಾ, ರಾಜಾ ಜೋಡಿಯವನ ಮುಂದೆ ಕೊನೆಯ ಎಲೆಗೆ ಮಣ್ಣು ಮುಕ್ಕಿದಾಗ ಆಟಗಾರನ ಬಾಯಿಂದ ಬರುವ ಮಾತೆಲ್ಲ ಅಚ್ಚಿಗೆ ಯೋಗ್ಯವಲ್ಲ. ಯೋಗ್ಯವಾದದ್ದು ಇಷ್ಟೇ: "ನನ್ನ ನಸೀಬನ ಖೊಟ್ಟಿ ಐತಿ ಬಿಡ್ರಿ."

ನಸೀಬನ್ನು ಬೈಯುವ ಮೊದಲು ಲೆಕ್ಕ ನೋಡುವುದು ಒಳ್ಳೆಯದು. ನಸೀಬಿಗೂ ಮಾನ ಮರ್ಯಾದೆ ಇದೆ.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಹಾಗಾಗಿ ಇಲ್ಲಿ ಹೇಳುತ್ತಿರುವುದು ಪುಕ್ಕಟೆ ಚಿಪ್ಪಿನ (ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆ) ಟೂರ್ನಮೆಂಟಿನ ಮಾತು. ಹೋಗುವುದು ಸೊನ್ನೆ ರೂಪಾಯಿ, ಸಂಕಟಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ನಿಜ ಹೇಳಬೇಕೆಂದರೆ ಪುಕ್ಕಟೆ ಟೇಬಲ್ಲಿನಲ್ಲಿ ಎಕ್ಕಾ ಸೋಲುವುದೇ ಹೆಚ್ಚು.

ಕಾರಣ ಸರಳ. ಕೈಗೆ 1,500 ಚಿಪ್ಪು, ಬ್ಲೈಂಡು (ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಪಣ) 10 ಮತ್ತು 20, ಆಟ ಶುರುವಾಗಿ ಅರ್ಧ ನಿಮಿಷವೂ ಆಗಿಲ್ಲ. ಅಷ್ಟರಲ್ಲಿ ಐದು ಮಂದಿ ಆಲ್-ಇನ್, ಅಂದರೆ ಇದ್ದ ಚಿಪ್ಪೆಲ್ಲ ಪಣಕ್ಕೆ! ಅದರಲ್ಲೊಬ್ಬನ ಕೈಯಲ್ಲಿ ಕಳಾವರ್ ಏಳು, ಆಟೀನ್ ಎರಡು. ಹೋದರೆ ಹೋಯಿತು, ಇನ್ನೊಂದು ಟೂರ್ನಮೆಂಟು ಹತ್ತು ನಿಮಿಷಕ್ಕೆ ಇದೆ ಎಂಬ ವೈರಾಗ್ಯ ಅವನದು. ಎಕ್ಕಾ ಜೋಡಿ ಇಂಥ ಒಬ್ಬ ವೈರಾಗಿಯ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ. ಇಬ್ಬರಾದರೆ 73ಕ್ಕೆ ಇಳಿಯುತ್ತದೆ, ಮೂವರಾದರೆ 64, ನಾಲ್ವರಾದರೆ 56. ಐದು ಮಂದಿ ಕೂಡಿಬಿಟ್ಟರೆ 49. ಅಂದರೆ ಟೇಬಲ್ಲಿನ ಅತ್ಯುತ್ತಮ ಕೈ ಹಿಡಿದವನೇ ಸೋಲುವ ಸಂಭವ ಅರ್ಧಕ್ಕಿಂತ ಹೆಚ್ಚು. ಐವರಲ್ಲಿ ಯಾರಿಗಾದರೂ ಎರಡು ಜೋಡಿಯೋ, ಮೂರು ಒಂದೇ ಎಲೆಯೋ ಕೂಡಿಬಿಡುವುದು ಸಾಮಾನ್ಯ. ಎಕ್ಕಾ ಪಾಪ, ಒಂದೇ ಜೋಡಿ.

ಪುಸ್ತಕ ಓದಿ ಕಲಿತವರು ದೊಡ್ಡ ಬ್ಲೈಂಡಿನ ಎರಡೂವರೆ ಮೂರು ಪಟ್ಟು, ಅಂದರೆ 50ರಿಂದ 60 ಚಿಪ್ಪಿಗೆ ಪಣ ಏರಿಸುತ್ತಾರೆ, ಅದಕ್ಕೆ ರೇಸ್ ಎನ್ನುತ್ತಾರೆ. ಪುಕ್ಕಟೆ ಟೇಬಲ್ಲಿನಲ್ಲಿ 60ರ ರೇಸು ಎಂದರೆ ಓಣಿಗೆಲ್ಲ ಹಂಚಿದ ಮದುವೆ ಕರೆಯೋಲೆ. ಎಲ್ಲರೂ ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ. ಇಲ್ಲಿ ಐದಾರು ಪಟ್ಟು ಇಡಬೇಕು, ಮುಂಚೆಯೇ ಬರೀ 20 ಇಟ್ಟು ಒಳಬಂದವರಿದ್ದರೆ ತಲೆಗೊಂದು ಬ್ಲೈಂಡು ಹೆಚ್ಚಿಸಬೇಕು. ಗುರಿ ಒಬ್ಬನನ್ನೋ ಇಬ್ಬರನ್ನೋ ಮಾತ್ರ ಉಳಿಸಿಕೊಳ್ಳುವುದು.

ಇನ್ನು ಕೆಲವರು ಮಹಾ ಜಾಣರು. ಎಕ್ಕಾ ಬಂದೊಡನೆ ಬಲೆ ಬೀಸುತ್ತೇವೆಂದು ಸುಮ್ಮನೆ 20 ಇಟ್ಟು ಕೂಡುತ್ತಾರೆ. ಮೊದಲೇ 20 ಇಟ್ಟಿರುವ ಬಿಗ್ ಬ್ಲೈಂಡಿನವನು ಒಂದು ಚಿಪ್ಪೂ ಹೆಚ್ಚಿಗೆ ಕೊಡದೆ ತನ್ನ ಏಳು-ಎರಡನ್ನು ಹಿಡಿದು ಫ್ಲಾಪ್, ಅಂದರೆ ಮೇಜಿನ ಮೊದಲ ಮೂರೆಲೆ, ನೋಡುತ್ತಾನೆ. ಏಳೂ ಬೀಳುತ್ತದೆ, ಎರಡೂ ಬೀಳುತ್ತದೆ. ಬಲೆ ಬೀಸಿದವರೇ ಬಲೆಯೊಳಗೆ. ಆಮೇಲೆ ಇದನ್ನೂ ಅನ್ಯಾಯದ ಸೋಲಿನ ಖಾತೆಗೆ ಬರೆದುಕೊಳ್ಳುತ್ತಾರೆ. ಅದು ನಸೀಬಿನ ತಪ್ಪಲ್ಲ, ಅತಿಜಾಣತನಕ್ಕೆ ಬಂದ ಬಿಲ್.

ನಿಜವಾದ ಅನ್ಯಾಯದ ಸೋಲು ಹೀಗಿರುತ್ತದೆ. ನಿಮ್ಮದು ಎಕ್ಕಾ ಜೋಡಿ, ಎದುರಿನವನದು ರಾಜಾ ಜೋಡಿ, ಎಲೆ ಬೀಳುವ ಮೊದಲೇ ಇಬ್ಬರೂ ಆಲ್-ಇನ್. ಈ ಗಳಿಗೆಗೆ ಗೆಲ್ಲುವ ಸಂಭವ ನೂರಕ್ಕೆ ನಿಮ್ಮದು ಸುಮಾರು 82, ಅವನದು 18. ಫ್ಲಾಪಿನ ಮೂರೆಲೆ ಯಾರಿಗೂ ಸಂಬಂಧವಿಲ್ಲದ ಸಣ್ಣಪುಟ್ಟವು ಬಿದ್ದರೆ ಅವನದು ಎಂಟೊಂಬತ್ತಕ್ಕೆ ಇಳಿಯುತ್ತದೆ. ನಾಲ್ಕನೆಯದಾದ ಟರ್ನ್ ಎಲೆಯೂ ಅಂಥದ್ದೇ ಬಿದ್ದರೆ, ಕಾಣದೆ ಉಳಿದ 44 ಎಲೆಯಲ್ಲಿ ಅವನಿಗೆ ಬೇಕಾದವು ಎರಡೇ ರಾಜಾ, ನೂರಕ್ಕೆ ನಾಲ್ಕೂವರೆ. ಇಷ್ಟಕ್ಕೇ ನೀವು ಮನಸ್ಸಿನಲ್ಲಿ ಚಿಪ್ಪು ಎಣಿಸಿ ಮುಗಿಸಿರುತ್ತೀರಿ. ಆ್ಯಪಿಗೂ ಇದು ಗೊತ್ತು. ಕೊನೆಯ ಎಲೆಯನ್ನು ಬೇಕೆಂದೇ ನಿಧಾನ ತಿರುವುತ್ತದೆ. ಮೊದಲು ಕಿರೀಟದ ಮೂಲೆ, ಆಮೇಲೆ ಗಡ್ಡ.

ಈಗ ಗುಣಾಕಾರ. ಇಂಥ 82ರ ಸ್ಥಿತಿಯಲ್ಲಿ ನೀವು ನಾಲ್ಕು ಸಲ ಆಲ್-ಇನ್ ಆದಿರಿ ಎನ್ನಿ. ನಾಲ್ಕೂ ಗೆಲ್ಲುವ ಸಾಧ್ಯತೆ ನೂರಕ್ಕೆ 45 ಮಾತ್ರ. ಎಲ್ಲಿಯೂ ತಪ್ಪದೆ ಆಡಿದವನಿಗೂ ನಾಲ್ಕರಲ್ಲಿ ಒಂದು ಪೆಟ್ಟಾದರೂ ಬೀಳುವುದೇ ಹೆಚ್ಚು ಸಹಜ. ಬ್ಲೈಂಡು ಕೆಲವು ನಿಮಿಷಕ್ಕೊಮ್ಮೆ ಏರುತ್ತಲೇ ಇರುವುದರಿಂದ ಟೂರ್ನಮೆಂಟಿನಲ್ಲಿ ಆಲ್-ಇನ್ ತಪ್ಪಿಸಿಕೊಂಡು ಕೊನೆ ಮುಟ್ಟಲು ಬರುವುದಿಲ್ಲ. ಉಳಿಯುವ ಉಪಾಯ ಒಂದಿದೆ: ಎದುರಿನವನ ಚಿಪ್ಪು ನಿಮಗಿಂತ ಕಡಿಮೆ ಇರಬೇಕು. 4,000 ಇದ್ದವನು 2,500 ಇದ್ದವನ ಮುಂದೆ ಸೋತರೂ 1,500 ಕೈಯಲ್ಲಿ ಉಳಿಯುತ್ತದೆ. ಅದಕ್ಕೇ ಮೊದಲ ತಾಸಿನಲ್ಲಿ ಸಣ್ಣ ಸಣ್ಣ ಪಾಟು (ಒಂದು ಆಟದಲ್ಲಿ ಕೂಡಿಬಿದ್ದ ಪಣ) ಗೆದ್ದು ಕೂಡಿಸಿದವನು, ಎಕ್ಕಾ ಬರಲೆಂದು ಕೈಕಟ್ಟಿ ಕೂತವನಿಗಿಂತ ಹೆಚ್ಚು ಹೊತ್ತು ಬದುಕುತ್ತಾನೆ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. 2003ರಲ್ಲಿ ಲಾಸ್ ವೇಗಸ್ಸಿನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ. ಹತ್ತು ಮಂದಿ ಉಳಿದಿದ್ದಾರೆ, ಒಬ್ಬ ಹೋದರೆ ಉಳಿದವರು ಫೈನಲ್ ಟೇಬಲ್ಲಿಗೆ. ಫಿಲ್ ಐವಿ ಕೈಯಲ್ಲಿ ಒಂಬತ್ತರ ಜೋಡಿ, ಕ್ರಿಸ್ ಮನಿಮೇಕರ್ ಕೈಯಲ್ಲಿ ಎಕ್ಕಾ-ರಾಣಿ. ಫ್ಲಾಪಿನಲ್ಲಿ ಎರಡು ರಾಣಿ, ಒಂದು ಆರು. ಟರ್ನಿಗೆ ಒಂಬತ್ತು ಬಿದ್ದು ಐವಿಗೆ ಫುಲ್ ಹೌಸ್, ಮೂರು ಒಂಬತ್ತು ಎರಡು ರಾಣಿ. ಚಿಪ್ಪೆಲ್ಲ ಒಳಗೆ. ಅದನ್ನು ಮೀರಲು ಮನಿಮೇಕರನಿಗೆ ಬೇಕಾದ ಎಲೆ 44ರಲ್ಲಿ ಏಳು: ಮೂರು ಎಕ್ಕಾ, ಮೂರು ಆರು, ಒಂದು ರಾಣಿ. ಬಿದ್ದದ್ದು ಎಕ್ಕಾ. ಐವಿ ಹತ್ತನೆಯವನಾಗಿ ಎದ್ದು ಹೋದ. ಆನ್‌ಲೈನ್ ಅರ್ಹತಾ ಪಂದ್ಯ ಗೆದ್ದು ಬಂದಿದ್ದ ಅಕೌಂಟೆಂಟ್ ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ. ಆ ಒಂದು ಎಲೆಗೆ ಹೋಲಿಸಿದರೆ ನಮ್ಮ ವಿದ್ಯಾನಗರದ ಹುಡುಗರ ದುಃಖ ಸ್ವಲ್ಪ ಸಣ್ಣದೇ.

"ಸಾಫ್ಟ್‌ವೇರ್‌ನ್ಯಾಗs ಮೋಸ ಐತಿ" ಎನ್ನುವವರಿಗೆ ಇತಿಹಾಸದಲ್ಲಿ ಒಂದು ಆಧಾರ ಸಿಗುತ್ತದೆ. 1999ರಲ್ಲಿ ಒಂದು ಪೋಕರ್ ತಂತ್ರಾಂಶವು ಎಲೆ ಕಲೆಸಲು ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡು ಕಳೆದಿದೆ ಎಂಬುದನ್ನು ಬೀಜಸಂಖ್ಯೆಯಾಗಿ (ಕಲೆಸುವ ಲೆಕ್ಕ ಶುರುವಾಗುವ ಅಂಕಿ) ಬಳಸುತ್ತಿದ್ದುದನ್ನು ಪರಿಣತರು ಪತ್ತೆ ಹಚ್ಚಿದರು. ದಿನಕ್ಕೆ ಮಿಲಿಸೆಕೆಂಡು 8 ಕೋಟಿ 64 ಲಕ್ಷ. 52 ಎಲೆ ಕಲೆಸುವ ಬಗೆಗಳು ಎಂಟರ ಮುಂದೆ 67 ಸೊನ್ನೆ ಇಟ್ಟಷ್ಟು. ಅಷ್ಟರಲ್ಲಿ ತಂತ್ರಾಂಶ ಕೊಡಬಲ್ಲದ್ದು ಹೆಚ್ಚೆಂದರೆ 8 ಕೋಟಿ 64 ಲಕ್ಷ ಬಗೆ. ಹೀಗಾಗಿ ಕಂಡ ಎಲೆಗಳಿಂದ ಉಳಿದವನ್ನು ಊಹಿಸಬಹುದಾಗಿತ್ತು. ಆದರೆ ಆ ತಪ್ಪು ಎಲ್ಲರಿಗೂ ಒಂದೇ, ಯಾರೊಬ್ಬರ ಎಕ್ಕಾದ ಮೇಲೂ ಹಗೆ ಸಾಧಿಸುತ್ತಿರಲಿಲ್ಲ. ಮೇಲಾಗಿ, 18ರ ಕಡೆ ಕೂತು ಗೆದ್ದ ದಿನ ಸಾಫ್ಟ್‌ವೇರ್ ಮೇಲೆ ಯಾರೂ ಸಂಶಯಪಟ್ಟದ್ದಿಲ್ಲ.

ಫೋನಿನ ಸೋಲು ಬೇರೆಯದೇ ಜಾತಿ. ನಿಮ್ಮ ಸರದಿಗೆ ಹದಿನೈದು ಇಪ್ಪತ್ತು ಸೆಕೆಂಡು ಇರುತ್ತದೆ. ಉಣಕಲ್ ದಾಟುವಾಗ ಸರಿಯಾಗಿ ಸೋದರತ್ತೆಯ ಫೋನು, ಪರದೆ ಪೂರ್ತಿ ಅವರ ಹೆಸರು. "ಊಟ ಆತೇನಪಾ?" ಎಂಬ ಪ್ರಶ್ನೆ ಮುಗಿಯುವುದರೊಳಗೆ ಆ್ಯಪು ಎಕ್ಕಾ ಜೋಡಿಯನ್ನು ತಾನೇ ಫೋಲ್ಡ್ ಮಾಡಿ, ಅಂದರೆ ಎಲೆ ಎಸೆದು, ಆಟದಿಂದ ಹೊರಬಂದಿರುತ್ತದೆ. ಅತ್ತೆಗೆ ಹೇಳಿ ಪ್ರಯೋಜನವಿಲ್ಲ. ಆಟಕ್ಕೆ ಕೂಡುವ ಮುನ್ನ ಡು ನಾಟ್ ಡಿಸ್ಟರ್ಬ್ ಒತ್ತಿ, ಬ್ಯಾಟರಿ ಸೇವರ್ ತೆಗೆಯಿರಿ. ಸೇವರ್ ಇದ್ದರೆ ಬೇರೆ ಆ್ಯಪಿಗೆ ಹೋಗಿ ಬರುವುದರೊಳಗೆ ಆಟದ ಸಂಪರ್ಕ ಕಡಿಯಬಹುದು. ಸಂಪರ್ಕ ಕಡಿದರೂ ಬ್ಲೈಂಡು ಮಾತ್ರ ತಪ್ಪದೆ ಕತ್ತರಿಸಿಕೊಳ್ಳುತ್ತದೆ.

ಸೋತ ಕೂಡಲೆ ಮುಂದಿನ ಟೂರ್ನಮೆಂಟಿಗೆ ಹಾರಬೇಡಿ. ಸಿಟ್ಟಿನಲ್ಲಿ ಆಡುವವನಿಗೆ ಗುಲಾಮ-ಮೂರೂ ಎಕ್ಕಾ ಜೋಡಿಯಂತೆ ಕಾಣುತ್ತದೆ. ಬದಲಿಗೆ ಆ್ಯಪಿನ ಹ್ಯಾಂಡ್ ಹಿಸ್ಟರಿ (ಆಡಿದ ಆಟಗಳ ದಾಖಲೆ) ತೆರೆದು, ಚಿಪ್ಪು ಒಳಗೆ ಹೋದ ಗಳಿಗೆಗೆ ಯಾರದು ಎಷ್ಟಿತ್ತು ಎಂದು ನೋಡಿ. ನಿಮ್ಮದು 82 ಇದ್ದರೆ ಆಟ ಸರಿಯಾಗಿದೆ, ನಾಳೆಯೂ ಹಾಗೇ ಆಡಿ. 30 ಇದ್ದರೆ ಅದನ್ನು ಅನ್ಯಾಯ ಎಂದು ಕರೆಯಲು ಬರುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಕೆಲಸ ಈ ಸೋಲನ್ನು ಇನ್ನೊಬ್ಬರಿಗೆ ಹೇಳುವುದು. ಪೋಕರ್ ಬಲ್ಲವರು ಕೇಳುವುದಿಲ್ಲ, ತಮ್ಮದೇ ಕತೆ ಹೇಳಲು ಕಾಯುತ್ತಿರುತ್ತಾರೆ. ಪಂಚಮಿಗೆ, ದೀಪಾವಳಿಗೆ ಅಂದರ್-ಬಾಹರ್ ಆಡಿ ಬೆಳೆದ ಹಿರಿಯರಿಗೆ ಶೇಕಡಾವಾರು ದುಃಖ ಅರ್ಥವಾಗುವುದಿಲ್ಲ. ಅವರ ಆಟ ಹೆಚ್ಚುಕಡಿಮೆ ಅರ್ಧಕ್ಕರ್ಧ, ಸೋತರೆ ಸೋತರು, ಎದ್ದರು. ದುರ್ಗದಬೈಲಿನಲ್ಲಿ ಗಿರ್ಮಿಟ್ಟಿನ ಮುಂದೆ ಈ ಕತೆ ತೆಗೆದರೆ ಸಂಭಾಷಣೆ ಹೀಗೆ ಸಾಗುತ್ತದೆ:

"ಕಾಕಾ, ಎಕ್ಕಾ ಜೋಡಿ ಇತ್ರಿ ನನ್ನ ಕಡೆ. ಕಡೀ ಎಲಿಗೆ ಅವಂಗ ರಾಜಾ ಬಿತ್ರಿ. ನೂರಕ್ಕ ನಾಕೂವರಿ ಚಾನ್ಸ್ ಇತ್ರಿ ಅವಂದು!"

"ಎಷ್ಟ ರೊಕ್ಕ ಹೋತು?"

"ರೊಕ್ಕ ಏನಿಲ್ರಿ, ಪುಕ್ಕಟ ಚಿಪ್ಪು."

"ಹಂಗಾರ ರೊಕ್ಕ ಉಳದೈತಿ ಅಂದಂಗಾತು. ಎರಡು ಮಿರ್ಚಿ ಹೇಳು, ಬಿಲ್ ನೀನs ಕೊಡು."