ಟೆಸ್ಟಿನಲ್ಲಿ 1.1 ಈಥರ್ ಹಾಕಿ ನೋಡಿ

ಸ್ಮಾರ್ಟ್ ಕಾಂಟ್ರಾಕ್ಟಿನ, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಮಿನ, ಆಡಿಟ್‌ಗೆ ಜನ ಲಕ್ಷಗಟ್ಟಲೆ ಸುರಿಯುತ್ತಾರೆ. ಅದೇ ಕಾಂಟ್ರಾಕ್ಟಿಗೆ ಹಣ ಕಳಿಸುವ ಜಾವಾಸ್ಕ್ರಿಪ್ಟ್ ಫೈಲನ್ನು ಎಷ್ಟೋ ಕಡೆ ಯಾರೂ ಬಿಚ್ಚಿ ನೋಡುವುದೂ ಇಲ್ಲ. 2018ರ ಏಪ್ರಿಲ್‌ನಲ್ಲಿ ಬ್ಯೂಟಿಚೈನ್ ಟೋಕನ್ನಿನ ಓವರ್‌ಫ್ಲೋ (ಲೆಕ್ಕದ ಉತ್ತರ ಮಿತಿ ಮೀರಿ ತಪ್ಪು ಸಂಖ್ಯೆಯಾಗುವುದು) ರಂಪ ಆಯಿತು, ಈ ಕಾಂಟ್ರಾಕ್ಟುಗಳನ್ನು ಬರೆಯುವ ಭಾಷೆ ಸಾಲಿಡಿಟಿಯ 2020ರ ಕೊನೆಗೆ ಬಂದ 0.8 ಆವೃತ್ತಿ ಅಂಥ ಲೆಕ್ಕಕ್ಕೆ ಭಾಷೆಯೊಳಗೇ ಕಾವಲು ಇಟ್ಟಿತು. ಸರಿ, ಆದರೆ ಜಾವಾಸ್ಕ್ರಿಪ್ಟಿನ ಕಡೆ ಕಾಯುವವರು ಯಾರು?

ಸಾಲಿಡಿಟಿಯ ಯುಇಂಟ್256 ಅನ್ನುವ ಪೂರ್ಣಾಂಕದ ಟೈಪಿನಲ್ಲಿ 78 ಅಂಕಿಯ ಸಂಖ್ಯೆ ಹಿಡಿಸುತ್ತದೆ. ಜಾವಾಸ್ಕ್ರಿಪ್ಟಿನ ನಂಬರ್ ಪೂರ್ಣಾಂಕಗಳನ್ನು ಒಂದೂ ತಪ್ಪದೆ ಹಿಡಿಯುವುದು 9007199254740991ರವರೆಗೆ ಮಾತ್ರ. ದೊಡ್ಡದೇ ಅನ್ನಿಸುತ್ತದೆ, ಅಲ್ವಾ? ಆದರೆ ಎಥೀರಿಯಮ್ ಬ್ಲಾಕ್‌ಚೈನಿನ ನಾಣ್ಯವಾದ ಈಥರ್‌ನ ಅತಿ ಚಿಕ್ಕ ಚೂರಿಗೆ ವೇ ಅಂತ ಹೆಸರು, ಒಂದು ಈಥರ್ ಅಂದರೆ 1ರ ಮುಂದೆ 18 ಸೊನ್ನೆ ಇಟ್ಟಷ್ಟು ವೇ. ಅಂದರೆ ಬರೀ 0.009 ಈಥರ್ ದಾಟಿದರೆ ಸಾಕು, ಲೆಕ್ಕವನ್ನು ನಂಬುವ ಹಾಗಿಲ್ಲ. ಎರರ್ ಕೂಡ ಬರುವುದಿಲ್ಲ. ಹತ್ತಿರದ ಇನ್ನೊಂದು ಸಂಖ್ಯೆಯನ್ನು ಕೈಗಿಟ್ಟು ಸುಮ್ನೆ ಇದ್ದುಬಿಡುತ್ತದೆ.

ಮಜಾ ಏನು ಗೊತ್ತಾ, ನಾವು ಬರೆಯುವ ಟೆಸ್ಟುಗಳೆಲ್ಲ ಪಾಸ್ ಆಗುತ್ತವೆ. ಯಾಕೆಂದರೆ ಟೆಸ್ಟಿನಲ್ಲಿ ನಾವು ಹಾಕುವುದೇ 1 ಈಥರ್, 10 ಈಥರ್, 100 ಈಥರ್. 1ರ ಮುಂದೆ 22 ಸೊನ್ನೆಯವರೆಗೆ ಹತ್ತರ ಘಾತಗಳೆಲ್ಲ ನಂಬರ್ ಬಳಸುವ ಫ್ಲೋಟಿಂಗ್ ಪಾಯಿಂಟ್ ಪದ್ಧತಿಯಲ್ಲಿ ಚೂರೂ ಕೆಡದೆ ಕೂರುತ್ತವೆ, ಹಾಗಾಗಿ ತಪ್ಪು ಕಣ್ಣಿಗೇ ಬೀಳುವುದಿಲ್ಲ. 1.1 ಅನ್ನು ಆ 18 ಸೊನ್ನೆಯ ಸಂಖ್ಯೆಯಿಂದ ಗುಣಿಸಿ, ದೊಡ್ಡ ಪೂರ್ಣಾಂಕಗಳಿಗೆಂದೇ ಇರುವ ಜಾವಾಸ್ಕ್ರಿಪ್ಟ್ ಟೈಪ್ ಬಿಗ್‌ಇಂಟ್‌ಗೆ ಕೊಡಿ, 1100000000000000128 ಬರುತ್ತದೆ. ಆ 128 ವೇ ಯಾರದ್ದು? ಬೆಲೆ ಕಾಸಿನಷ್ಟೂ ಇಲ್ಲ, ನಿಜ. ಆದರೆ ಬ್ಯಾಲೆನ್ಸ್‌ಗಿಂತ ಒಂದು ವೇ ಜಾಸ್ತಿ ಕೇಳಿದರೂ ಟ್ರಾನ್ಸಾಕ್ಷನ್ ರಿವರ್ಟ್ ಆಗುತ್ತದೆ, ಅಂದರೆ ರದ್ದಾಗುತ್ತದೆ, "ಪೂರ್ತಿ ವಿತ್‌ಡ್ರಾ" ಬಟನ್ ಒತ್ತಿದವನು ಸಪೋರ್ಟಿಗೆ ಮೆಸೇಜ್ ಹಾಕುತ್ತಾನೆ. ಇನ್ನೂ ಕೆಟ್ಟದ್ದು 1000 ಈಥರ್. ಅಷ್ಟು ವೇಯನ್ನು ಸ್ಟ್ರಿಂಗ್ ಮಾಡಿದರೆ ಅದು 1ಇ+21 (1ರ ಮುಂದೆ 21 ಸೊನ್ನೆ ಅನ್ನುವುದರ ಗಿಡ್ಡ ರೂಪ) ಆಗುತ್ತದೆ, ಅದನ್ನು ಸ್ಟ್ರಿಂಗಿನಿಂದ ಪೂರ್ಣಾಂಕ ಓದುವ ಪಾರ್ಸ್‌ಇಂಟ್‌ಗೆ ಕೊಟ್ಟರೆ 'ಇ' ಬಂದಲ್ಲೇ ನಿಂತುಬಿಡುತ್ತದೆ, ಉತ್ತರ 1. ಹೌದು, ಬರೀ ಒಂದು ವೇ!

2020ರಿಂದ ಬಿಗ್‌ಇಂಟ್ ಭಾಷೆಯಲ್ಲೇ ಇದೆ, ಎಥೀರಿಯಮ್ ಜೊತೆ ಮಾತಾಡುವ ಲೈಬ್ರರಿಗಳಾದ ಈಥರ್ಸ್ 6 ಮತ್ತು ವಿಯೆಮ್ ಅದನ್ನೇ ಬಳಸುತ್ತವೆ. ಆದರೂ ತೊಂದರೆ ತಪ್ಪಿಲ್ಲ, ಯಾಕೆಂದರೆ ಬಿಗ್‌ಇಂಟ್ ಜೊತೆ ನಂಬರ್ ಕೂಡಿಸಿದರೆ ಟೈಪ್‌ಎರರ್ ಬರುತ್ತದೆ, ಜೇಸನ್ ಸ್ಟ್ರಿಂಗಿಫೈ ಮಾಡಿದರೂ (ಡೇಟಾವನ್ನು ಪಠ್ಯವಾಗಿಸಿದರೂ) ಬರುತ್ತದೆ, ಆಗ ಗಡಿಬಿಡಿಯಲ್ಲಿರುವ ಡೆವಲಪರ್ ಎಲ್ಲವನ್ನೂ ನಂಬರ್‌ಗೆ ಬದಲಾಯಿಸಿ "ಫಿಕ್ಸ್ಡ್" ಅಂತ ಕಮಿಟ್ ಹಾಕುತ್ತಾನೆ. ನನ್ನ ಪ್ರಕಾರ ಆ ಎರರ್ ಬೈಗುಳವಲ್ಲ, ಉಪಕಾರ. ರಿವ್ಯೂ ಮಾಡುವವರು ಬೇರೇನು ಬಿಟ್ಟರೂ ಆ ಒಂದು ಬದಲಾವಣೆಯನ್ನು ಬಿಡಬಾರದು.

ಬಿಗ್‌ಇಂಟ್‌ನಲ್ಲಿ ಭಾಗಾಕಾರ ದಶಮಾಂಶವನ್ನು ಬಿಸಾಕುತ್ತದೆ, ಹಾಗಾಗಿ ಫೀ ಲೆಕ್ಕದಲ್ಲಿ ಮೊದಲು ಗುಣಿಸಿ, ಆಮೇಲೆ ಭಾಗಿಸಿ. ಬಳಕೆದಾರ ಟೈಪ್ ಮಾಡಿದ್ದನ್ನು ಸ್ಟ್ರಿಂಗ್ ಆಗಿಯೇ ಆ ಲೈಬ್ರರಿಗಳ ಪಾರ್ಸ್‌ಯೂನಿಟ್ಸ್‌ಗೆ ಕೊಡಿ. ಮತ್ತೆ ದಯವಿಟ್ಟು ಎಲ್ಲ ಟೋಕನ್‌ಗೂ 18 ದಶಮಾಂಶ ಅಂತ ಬರೆದಿಡಬೇಡಿ, ಎಥೀರಿಯಮ್ ಮೇಲಿನ ಡಾಲರ್ ಟೋಕನ್ ಯುಎಸ್‌ಡಿಸಿಗೆ ಇರುವುದು 6 ದಶಮಾಂಶ ಮಾತ್ರ.