ಟೆಂಟ್ ಹಾಳಾಗುವುದು ಅಟ್ಟದ ಮೇಲೆ

ದುಬಾರಿ ಟೆಂಟ್ ಕೊಂಡರೆ ದೂರದ ಸೈಕಲ್ ಪ್ರವಾಸಕ್ಕೆ ವರ್ಷಗಟ್ಟಲೆ ಚಿಂತೆಯಿಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬಯಲುಸೀಮೆಯಲ್ಲಿ ನಿಜವಿರಬಹುದು, ತೀರ್ಥಹಳ್ಳಿ, ಆಗುಂಬೆ ಕಡೆಯವರು ಇದನ್ನು ನಂಬಿ ದುಡ್ಡು ಹಾಕಬಾರದು. ನಮ್ಮಲ್ಲಿ ಟೆಂಟ್ ಕೆಡುವುದು ಮಳೆಯಲ್ಲಿ ನಿಂತಾಗಲ್ಲ, ಊರಿಗೆ ಬಂದು ಒದ್ದೆಯಲ್ಲೇ ಮಡಚಿ ಅಟ್ಟಕ್ಕೆ ಸೇರಿಸಿದಾಗ. ನೀರು ಒಳಗಿಳಿಯದಂತೆ ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪ ತೇವ, ಸೆಖೆ ಸೇರಿದರೆ ನಿಧಾನವಾಗಿ ಒಡೆಯುತ್ತದೆ. ಮೊದಲು ಅಂಟಂಟು, ಒಂಥರಾ ಕಮಟು ವಾಸನೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಬೆಲೆ ಹೆಚ್ಚು ಕೊಟ್ಟ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಎರಡೂ ಬದಿಗೆ ಸಿಲಿಕೋನ್ ಲೇಪ ಇರುವ ಬಟ್ಟೆ ಹೀಗೆ ಕೆಡುವುದಿಲ್ಲ. ಆದರೆ ಅದಕ್ಕೆ ಹೊಲಿಗೆಯಲ್ಲಿ ನೀರು ಸೋರದಂತೆ ಅಂಟಿಸುವ ಸಾಮಾನ್ಯ ಸೀಮ್ ಟೇಪ್ ಹಿಡಿಯದು, ಹೊಲಿಗೆಯ ತೂತು ಮುಚ್ಚುವ ಸಿಲಿಕೋನ್ ಸೀಲರ್ ನಾವೇ ಹಚ್ಚಿಕೊಳ್ಳಬೇಕು. ಯಾವುದನ್ನೇ ಕೊಳ್ಳಿ, ಜಗಲಿಯಲ್ಲಿ ಹರವಿ ಪೂರ್ತಿ ಒಣಗಿಸಿ, ಗಾಳಿಯಾಡುವ ಸಡಿಲ ಚೀಲದಲ್ಲಿಡಿ. ಬಿಸಿಲಿಲ್ಲದ ಆಷಾಢದಲ್ಲಿ ಫ್ಯಾನಿನ ಕೆಳಗಾದರೂ ಸರಿ.

ಬ್ರೇಕ್ ಬಗ್ಗೆ ನೀವು ಒಂದು ಸಾಲೂ ಬರೆಯದಿದ್ದದ್ದು ನನಗೆ ನಿಜಕ್ಕೂ ಬೇಸರ. ಸಾಮಾನು ಹೇರಿಕೊಂಡು ಆಗುಂಬೆ ಘಾಟಿಯ 14 ತಿರುವು ಇಳಿಯುವವರಿಗೆ ಅದು ಪ್ರಾಣದ ವಿಷಯ. ಮಳೆಗಾಲದ ಕೆಂಪು ರಾಡಿಯಲ್ಲಿರುವ ಮರಳು ಚಕ್ರದ ಲೋಹದ ಅಂಚನ್ನೇ (ರಿಮ್) ಒತ್ತಿ ಹಿಡಿಯುವ ರಿಮ್ ಬ್ರೇಕಿನ ರಬ್ಬರನ್ನೂ ತಿನ್ನುತ್ತದೆ, ರಿಮ್ಮನ್ನೂ ತಿನ್ನುತ್ತದೆ. ಚೈನಿನದೂ ಅದೇ ಗತಿ: ಸವೆದು ಅದರ ಉದ್ದ ಶೇ. 0.75 ಹಿಗ್ಗುವವರೆಗೆ ಕಾದರೆ ಹಿಂದಿನ ಹಲ್ಲುಚಕ್ರಗಳೂ ಸವೆದು ಖರ್ಚು ಹೆಚ್ಚುತ್ತದೆ, 0.5ಕ್ಕೇ ಬದಲಾಯಿಸುವುದು ಒಳ್ಳೆಯದು. ಕ್ಯಾರಿಯರ್ ಬೋಲ್ಟುಗಳನ್ನು ದಿನಾ ಬೆಳಿಗ್ಗೆ ಬಿಗಿಮಾಡಿ ನೋಡಿ.

ಮುಂದಿನ ಲೇಖನದಲ್ಲಿ ಒಂದು ಮಳೆಗಾಲ ಕಳೆದ ಸಾಮಾನಿನ ಫೋಟೋಗಳನ್ನೂ ದಯವಿಟ್ಟು ಹಾಕಿ.