ಕಾಂತನ ಕಾಟ

ನಮ್ಮ ಯಜಮಾನರು ಕಟ್ಟುವುದು ಮಾವನವರ ಎಚ್‌ಎಂಟಿ ಜನತಾ ವಾಚು. ಬೆಳಿಗ್ಗೆ ಕೀಲಿ ಕೊಟ್ಟರೆ ಮರುದಿನದವರೆಗೂ ತೆಪ್ಪಗೆ ನಡೆಯುತ್ತಿದ್ದ ಅದು, ಈಚೆಗೆ ರಾತ್ರಿಯೊಳಗೆ ಅರ್ಧ ಗಂಟೆ ಮುಂದೋಡತೊಡಗಿತು. ಇವರು ನಂಬುವುದು ಅದೊಂದನ್ನೇ. ಗೋಡೆ ಗಡಿಯಾರವನ್ನಲ್ಲ, ನನ್ನನ್ನಂತೂ ಅಲ್ಲವೇ ಅಲ್ಲ. ಮೊನ್ನೆ ಆರತಕ್ಷತೆಗೆ ಹೋದರೆ ಕುರ್ಚಿಗಳನ್ನು ಇನ್ನೂ ಲಾರಿಯಿಂದ ಇಳಿಸುತ್ತಿದ್ದರು. ಅಡುಗೆಯವರು ನಮ್ಮನ್ನು ಬಡಿಸಲು ಬಂದವರೆಂದುಕೊಂಡು ಒಳಗೆ ಕರೆದರು.

ವಾಚ್ ರಿಪೇರಿಯವರು ಅದನ್ನು ದಿಕ್ಸೂಚಿಯ ಪಕ್ಕ ಇಟ್ಟೊಡನೆ ಮುಳ್ಳು ಅದುರಿತು. "ಆಯಸ್ಕಾಂತ ಹಿಡಿದಿದೆ ಸಾರ್. ರಾತ್ರಿ ಎಲ್ಲಿಡುತ್ತೀರಿ?"

ಎಲ್ಲಿಡುತ್ತಾರೆ! ಮುಚ್ಚಿದರೆ ಟಪ್ಪೆಂದು ಕಚ್ಚಿಕೊಳ್ಳುವ ಮೊಬೈಲ್ ಕವರಿನ ಮೇಲೆ. ಒಳಗಿನ ಎಳೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗು ಗಿಡ್ಡವಾದಂತಾಗಿ ವಾಚು ಓಡುತ್ತದಂತೆ. ರಿಪೇರಿಯವರು ವಾಚನ್ನು ಪುಟ್ಟ ನೀಲಿ ಡಬ್ಬಿಯ ಮೇಲಿಟ್ಟು, ಗುಂಡಿ ಒತ್ತಿ ಹಿಡಿದೇ, ದೃಷ್ಟಿ ತೆಗೆಯುವಷ್ಟು ಶ್ರದ್ಧೆಯಿಂದ ಮೆಲ್ಲಗೆ ಮೇಲೆತ್ತಿ ದೂರ ಒಯ್ದರು. ಆಚೀಚೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿನ ಸೆಳೆತದಿಂದ ಹೀಗೆ ನಿಧಾನವಾಗಿ ದೂರ ಸರಿದರೆ ಹಿಡಿದದ್ದು ಬಿಡುತ್ತದೆ. ಆತುರದಲ್ಲಿ ನಡುವೆ ಗುಂಡಿ ಬಿಟ್ಟರೆ ಮತ್ತೆ ಹಿಡಿದೀತು.

ಹಳೆಯ ಡಬ್ಬಾ ಟಿವಿ ಹಾಕಿದೊಡನೆ 'ಢಂ' ಎನ್ನುತ್ತಿದ್ದುದೂ ಇದೇ ಕೆಲಸಕ್ಕಂತೆ. ಒಳಗೆ ಆಯಸ್ಕಾಂತವಿರುವ ಸ್ಪೀಕರನ್ನು ಟಿವಿಗೆ ಒತ್ತಿ ಇಟ್ಟು ವಾರ್ತೆ ಓದುವವರ ಕೆನ್ನೆ ಹಸಿರಾಗಿಸಿದ್ದಕ್ಕೆ ಅಪ್ಪ ಅಣ್ಣನ ಕಿವಿ ಹಿಂಡಿದ್ದರು. ಆ ಸದ್ದು ಕೇಳಿದರೆ ಅಜ್ಜಿ ಕೂಡ ಜಪಮಣಿ ಬದಿಗಿಟ್ಟು ಬರುತ್ತಿದ್ದಳು. ಈಗ ಟಿವಿ ಹಾಕಿದ್ದೇ ಯಾರಿಗೂ ತಿಳಿಯುವುದಿಲ್ಲ.

ವಾಚು ಸರಿಹೋಯಿತು, ಇವರು ಕೆಟ್ಟರು. ಬರುವಾಗಲೇ ಒಂದು ದಿಕ್ಸೂಚಿ ಕೊಂಡು ತಂದು, ಅಂದಿನಿಂದ ಮನೆಯೆಲ್ಲ ತಪಾಸಣೆ. ನನ್ನ ಹೇರ್‌ಪಿನ್ನು ಸಿಕ್ಕಿಬಿತ್ತು. ಈಳಿಗೆಮಣೆ ಸಿಕ್ಕಿಬಿತ್ತು. ಬೀರುವಿನ ಮುಂದೆ ಮುಳ್ಳು ಗಿರ್ರೆಂದು ತಿರುಗಿದ್ದಕ್ಕೆ ಇವರ ಮುಖ ಅರಳಿದ್ದು, ಮದುವೆಯ ಆಲ್ಬಮ್ಮಿನಲ್ಲೂ ನಾನು ಕಂಡಿಲ್ಲ. ಕಾಂತ ಹಿಡಿಯದ ಬರೀ ಕಬ್ಬಿಣ ಕಂಡರೂ ಮುಳ್ಳು ತಿರುಗುತ್ತದೆ ಎಂದರೆ, "ಸುಮ್ಮನಿರು, ರೀಡಿಂಗ್ ತಪ್ಪುತ್ತದೆ" ಎನ್ನುತ್ತಾರೆ. ಫಾಲ್ಸ್ ಹೊಲಿಯುವಾಗ ಸೂಜಿ ಕತ್ತರಿಗೆ ಅಂಟಿಕೊಂಡು ಬರುತ್ತದೆ, ಆ ನೀಲಿ ಡಬ್ಬಿಯವರಿಗೆ ತೋರಿಸಿ ಎಂದು ಎಷ್ಟು ಹೇಳಿದರೂ ಕತ್ತರಿಯ ಸರದಿ ಮಾತ್ರ ಬಂದಿಲ್ಲ.

ಇವತ್ತು ದೋಸೆಯ ಕಾವಲಿ ಸಿಕ್ಕಿಬಿದ್ದಿದೆ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾಂತತ್ವ ಕಳೆದುಕೊಳ್ಳುತ್ತದೆಂದು ಎಲ್ಲೋ ಓದಿದ್ದಾರೆ. ಹಿಟ್ಟು ಹುಳಿಯುತ್ತಿದೆ, ಇವರು ಕಾವಲಿಯನ್ನು ಕಂಕುಳಲ್ಲಿಟ್ಟುಕೊಂಡು, ಪಕ್ಕದ ಬೀದಿಯಲ್ಲಿದ್ದ ಕುಲುಮೆ ಈಗಲೂ ಇದೆಯೇ ಎಂದು ಯಾರಿಗೋ ಫೋನ್ ಮಾಡುತ್ತಿದ್ದಾರೆ.